ಅಪ್‌ಡೇಟ್: ಸರ್ವರ್ ಹೆಸರು ಈಗ ಸಿಗುತ್ತಿದೆ

ಕಲಬುರಗಿ ನೆಹರು ಗಂಜ್‌ನ ನಮ್ಮ ತೊಗರಿ ವ್ಯಾಪಾರದ ಆಫೀಸಿನಲ್ಲಿ ಕೆಲವು ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಬರುತ್ತದೆ, ಸರ್ವರ್ ಮಾತ್ರ ಹೆಸರಿನಿಂದ ಸಿಗುವುದಿಲ್ಲ, ಐಪಿ (ಅಂಕಿಗಳ ವಿಳಾಸ) ಹಾಕಿದರೆ ಸಿಗುತ್ತದೆ ಎಂದು ಕೇಳಿದ್ದೆ.

ನೀವು ಹೇಳಿದಂತೆ ‘ಐಪಿಕಾನ್ಫಿಗ್ ಆಲ್’ (ipconfig /all) ಕಮಾಂಡ್ ಕೊಟ್ಟು, ಐಪಿ ಹಂಚುವವರು ಯಾರೆಂದು ತೋರಿಸುವ ‘ಡಿಎಚ್‌ಸಿಪಿ ಸರ್ವರ್’ ಸಾಲು ನೋಡಿದೆ. ತೊಂದರೆಯಿದ್ದ ಕಡೆಯಲ್ಲೆಲ್ಲ ಹೊಸ ವೈಫೈ ರೂಟರ್‌ನ ವಿಳಾಸ! ಅದೂ ಐಪಿ ಹಂಚುತ್ತಿತ್ತು, ಜೊತೆಗೆ ಗೂಗಲ್‌ನ 8.8.8.8 ಅನ್ನು ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ಎಂದು ಕೊಡುತ್ತಿತ್ತು. ಮೊದಲು ಉತ್ತರಿಸಿದವರ ಐಪಿಯನ್ನೇ ಕಂಪ್ಯೂಟರ್ ಹಿಡಿಯುತ್ತದೆ. ನಮ್ಮ ಸರ್ವರ್ ಹೆಸರು ಗೂಗಲ್‌ಗೆ ಹೇಗೆ ಗೊತ್ತಿರಬೇಕು, ಅಲ್ವಾ?

ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿದೆ. ಸರ್ವರ್‌ನ ಡಿಎಚ್‌ಸಿಪಿ ಸ್ಕೋಪ್‌ನಲ್ಲಿ (ಐಪಿ ಹಂಚುವ ಸೆಟ್ಟಿಂಗ್) ಡಿಎನ್‌ಎಸ್ ಆಗಿ ಅದರದೇ ವಿಳಾಸ ಇಟ್ಟೆ, 8.8.8.8 ಈಗ ಬರೀ ಫಾರ್ವರ್ಡರ್, ಅಂದರೆ ತನಗೆ ಗೊತ್ತಿಲ್ಲದ ಹೆಸರನ್ನು ಮಾತ್ರ ಸರ್ವರ್ ಅದಕ್ಕೆ ಕೇಳುತ್ತದೆ. ಅದನ್ನು ಎರಡನೇ ಡಿಎನ್‌ಎಸ್ ಆಗಿ ಹಾಕುವ ಸಲಹೆ ಬಿಟ್ಟೆ, ಹಾಗೆ ಮಾಡಿದರೆ ಅದೇ ಕಾಟ ಆಗಾಗ ಮರಳುತ್ತದೆ. ಕಂಪ್ಯೂಟರ್‌ಗಳಲ್ಲಿ ರಿಲೀಸ್, ರಿನ್ಯೂ (ಹಳೆ ಐಪಿ ಬಿಟ್ಟು ಮತ್ತೆ ಪಡೆಯುವುದು) ಆದಮೇಲೆ ಎಲ್ಲ ಸರಿ. ಪ್ರಿಂಟರ್‌ಗೆ ರಿಸರ್ವೇಶನ್ (ಯಾವಾಗಲೂ ಒಂದೇ ಐಪಿ ಸಿಗುವಂತೆ) ಮಾಡುವುದು ಬಾಕಿ ಇದೆ.