ಅರಬಿಯ ‘ಅ-ಬ್-ಬ್’ ಧಾತು: ಹುಲ್ಲಿಗೂ ಕತ್ತಿಗೂ ಏನು ಸಂಬಂಧ?

ಸುಂಟಿಕೊಪ್ಪದ ಓದುಗ:
ಎಲ್ಲರಿಗೂ ಸಲಾಂ, ನಮಸ್ಕಾರ. ಕಾಫಿ ಕೊಯ್ಲು ಮುಗಿದಿದೆ, ಸಂಜೆ ನಿಘಂಟು ಇಟ್ಟುಕೊಂಡು ಕುರ್‌ಆನ್ ಓದುತ್ತಿದ್ದೇನೆ. 80ನೇ ಅಧ್ಯಾಯದ 31ನೇ ವಚನದಲ್ಲಿ ‘ವ ಫಾಕಿಹತನ್ ವ ಅಬ್ಬಾ’ ಎಂದಿದೆ. ಫಾಕಿಹ ಅಂದರೆ ಹಣ್ಣು. ‘ಅಬ್ಬ್’ಗೆ ಅನುವಾದಗಳಲ್ಲಿ ಮೇವು ಎಂದಿದೆ. ಆದರೆ ನಿಘಂಟಿನಲ್ಲಿ ಅದೇ ಧಾತುವಿಗೆ ‘ಪ್ರಯಾಣಕ್ಕೆ ಅಣಿಯಾದ’, ‘ಹಿರಿಯಲು ಕತ್ತಿಗೆ ಕೈ ಹಾಕಿದ’ ಎಂದೂ ಇದೆ. ಇವೆಲ್ಲ ಒಂದೇ ಬೇರಿನವೇ?

ನಾಪೋಕ್ಲಿನಿಂದ:
ಮುಂದಿನ ವಚನ ನೋಡಿ ಅಣ್ಣ, ‘ನಿಮಗೂ ನಿಮ್ಮ ಜಾನುವಾರುಗಳಿಗೂ’ ಎಂದಿದೆ. ಹಣ್ಣು ನಮಗೆ, ಅಬ್ಬ್ ದನಕರುಗಳಿಗೆ. ಕತ್ತಿಯ ವಿಚಾರ ಉಸ್ತಾದರೇ ಹೇಳಬೇಕು.

ವಿರಾಜಪೇಟೆ ಉಸ್ತಾದ್:
ಒಳ್ಳೆಯ ಪ್ರಶ್ನೆ ಕೇಳಿದಿರಿ. ಕುರ್‌ಆನ್‌ನಲ್ಲಿ ಈ ಪದ ಬರುವುದು ಇದೊಂದೇ ಕಡೆ. ಖಲೀಫ ಉಮರ್ ಅವರೇ ಈ ವಚನ ಓದಿ ‘ಅಬ್ಬ್ ಎಂದರೇನು?’ ಎಂದು ಕೇಳಿ, ಅದರ ಬೆನ್ನು ಹತ್ತುವುದು ಬೇಡವೆಂದು ಬಿಟ್ಟರೆಂಬ ವರದಿ ಇದೆ.

ನಿಮ್ಮ ಪ್ರಶ್ನೆಗೆ ಹಳಬರಲ್ಲೇ ಎರಡು ಉತ್ತರ. ಇಬ್ನ್ ಫಾರಿಸ್ ತಮ್ಮ ‘ಮಕಾಯೀಸ್’ ನಿಘಂಟಿನಲ್ಲಿ ಈ ಧಾತುವಿಗೆ ಎರಡು ಮೂಲ ಕೊಡುತ್ತಾರೆ: ಒಂದು ಹುಲ್ಲುಗಾವಲು, ಇನ್ನೊಂದು ಉದ್ದೇಶಿಸಿ ಅಣಿಯಾಗುವುದು. ಕತ್ತಿಗೆ ಕೈ ಹಾಕುವುದು ಈ ಎರಡನೆಯದಕ್ಕೆ ಸೇರಿದ್ದು. ಕುರ್‌ಆನ್ ಪದಕೋಶ ಬರೆದ ರಾಗಿಬ್ ಅಲ್ ಇಸ್ಫಹಾನಿ ಮಾತ್ರ ಎರಡನ್ನೂ ಬೆಸೆಯುತ್ತಾರೆ: ಮೇಯಲು, ಕೊಯ್ಯಲು ಅಣಿಯಾಗಿ ನಿಂತ ಹುಲ್ಲೇ ಅಬ್ಬ್. ಮಳೆ ಹಿಡಿದ ಮೇಲೆ ನಮ್ಮ ಗದ್ದೆ ಬದುವಿನಲ್ಲಿ ಮೊಣಕಾಲೆತ್ತರ ಎದ್ದು ಕುಡುಗೋಲಿಗೆ ಕಾದಿರುವ ಹುಲ್ಲನ್ನು ಕಂಡವರಿಗೆ ಈ ವಿವರಣೆ ತಕ್ಷಣ ಹಿಡಿಸುತ್ತದೆ.

ಆದರೂ ನಾನು ಇಬ್ನ್ ಫಾರಿಸ್ ಪಕ್ಷ. ಅರಬಿಯ ಸೋದರ ಭಾಷೆಗಳನ್ನು ನೋಡಿ: ಹೀಬ್ರೂವಿನಲ್ಲಿ ‘ಎಬ್’ ಎಂದರೆ ಎಳೆಯ ಹಸಿರು. ಬೈಬಲಿನ ದಾನಿಯೇಲನ ಅರಮಾಯಿಕ್ ಭಾಗದಲ್ಲಿ ‘ಇನ್‌ಬ್’ ಎಂದರೆ ಹಣ್ಣು. ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡಿಯನ್ನಿನಲ್ಲೂ ‘ಇನ್ಬು’ ಹಣ್ಣೇ. ಅಲ್ಲಿನ ‘ನ್’ ಮುಂದಿನ ‘ಬ್’ನಲ್ಲಿ ಕರಗಿ ‘ಬ್ಬ್’ ಆಗಿರಬೇಕು. ಹಾಗಿದ್ದರೆ ಹಸಿರಿನ ಅಬ್ಬ್ ಬೇರೆಯೇ ಮನೆತನದ್ದು, ಅಣಿಯಾಗುವ ಕ್ರಿಯಾಪದದ ಜೊತೆ ಅದು ಬೆರೆತದ್ದು ಅಕ್ಷರಗಳು ಒಂದೇ ಆದದ್ದರಿಂದ. ನಿಘಂಟಿನಲ್ಲಿ ಒಂದೇ ತಲೆಬರಹದಡಿ ಇದೆಯೆಂದು ಎಲ್ಲ ಅರ್ಥಗಳನ್ನೂ ಒಂದೇ ದಾರಕ್ಕೆ ಪೋಣಿಸಬಾರದು ಎಂದು ಮಕ್ಕಳಿಗೂ ಹೇಳುತ್ತಿರುತ್ತೇನೆ.

ಸುಂಟಿಕೊಪ್ಪದ ಓದುಗ:
ಬಹಳ ಉಪಕಾರವಾಯಿತು ಉಸ್ತಾದರೇ. ‘ಲಿಸಾನುಲ್ ಅರಬ್’ ನಿಘಂಟಿನಲ್ಲಿ ಅಲಿಫ್ ಭಾಗ ತಡಕಿದೆ, ಸಿಗಲಿಲ್ಲ.

ವಿರಾಜಪೇಟೆ ಉಸ್ತಾದ್:
ಅದರಲ್ಲಿ ಧಾತುವಿನ ಕೊನೆಯ ಅಕ್ಷರ ಹಿಡಿದು ಹುಡುಕಬೇಕು. ‘ಬಾ’ ಅಧ್ಯಾಯ ತೆಗೆದು, ಅದರೊಳಗೆ ಹಂಝದ, ಅಂದರೆ ಧಾತುವಿನ ಮೊದಲಕ್ಷರ ‘ಅ’ದ, ವಿಭಾಗ ನೋಡಿ. ಶುರುವಿನಲ್ಲೇ ಸಿಗುತ್ತದೆ. ತಂದೆ ಎಂಬರ್ಥದ ‘ಅಬ್’ ಇದಲ್ಲ, ಅದರ ಧಾತುವಿನ ಕೊನೆಯ ಅಕ್ಷರ ‘ವಾವ್’.