ಸೀ ಹಾಕ್ ಮತ್ತೆ ಹಾರಬಹುದಾ? ಹಳೆಯ ನೌಕಾಪಡೆ ಫೈಟರ್‌ಗಳ ಬಗ್ಗೆ ಒಂದು ಪ್ರಶ್ನೆ

ಕಾಳಿತೀರ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗೋವಾದ ನೌಕಾ ವಿಮಾನ ಸಂಗ್ರಹಾಲಯ ನೋಡಿ ಬಂದೆ. ದಾಬೋಲಿಂನಿಂದ ಬೋಗ್ಮಾಲೊ ಬೀಚ್‌ಗೆ ಹೋಗುವ ದಾರಿಯಲ್ಲಿದೆ. ಸೀ ಹಾಕ್, ಸೀ ಹ್ಯಾರಿಯರ್, ಅಲಿಝೆ, ಫೈರ್‌ಫ್ಲೈ ಎಲ್ಲ ಬಯಲಲ್ಲೇ ನಿಂತಿವೆ. ದೊಡ್ಡ ಮಗ ಸೀ ಹಾಕ್ ಹತ್ತಿರದಿಂದ ಕದಲಲೇ ಇಲ್ಲ. 1971ರ ಯುದ್ಧದಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್‌ನಿಂದ ಎದ್ದು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಇದೇ ಜಾತಿಯ ವಿಮಾನ ಅಂತ ಹೇಳಿದ ಮೇಲಂತೂ ಕೇಳಲೇಬೇಡಿ.

ಮನೆಗೆ ಬಂದು ಯೂಟ್ಯೂಬ್‌ನಲ್ಲಿ ನೋಡಿದರೆ, ಇಂಗ್ಲೆಂಡ್‌ನಲ್ಲಿ ಸೀ ಫ್ಯೂರಿ ಹಾರುತ್ತದೆ, ಅಮೆರಿಕದಲ್ಲಿ ಕೋರ್ಸೇರ್ ಹಾರುತ್ತದೆ, ಜಪಾನಿನ ಝೀರೋ ಕೂಡ ಹಾರುತ್ತದೆ. ಆ ಹಳೆಯ ವಿಕ್ರಾಂತ್ ಹಡಗನ್ನು 2014ರಲ್ಲಿ ಒಡೆದು ಹಾಕಿದರು, ಅದರ ಉಕ್ಕು ಬೈಕ್ ಟ್ಯಾಂಕ್ ಆಯಿತು. ವಿಮಾನಗಳಾದರೂ ಉಳಿದಿವೆಯಲ್ಲ. ಒಂದನ್ನು ರಿಪೇರಿ ಮಾಡಿ ಹಾರಿಸಲು ಯಾಕೆ ಆಗಲ್ಲ? ದುಡ್ಡಿನ ವಿಷಯ ಮಾತ್ರಾನಾ? ಗೊತ್ತಿರುವವರು ಹೇಳಿ.

ಶಿಕಾಗೋ ಶೆಟ್ರು:

ಒಳ್ಳೆ ಪ್ರಶ್ನೆ. ದುಡ್ಡು ಒಂದು ಕಾರಣ, ಆದರೆ ನಾನಿರುವ ಅಮೆರಿಕಕ್ಕೆ ಇನ್ನೊಂದು ಅದೃಷ್ಟವೂ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ನಮ್ಮ ಮಿಶಿಗನ್ ಸರೋವರದಲ್ಲಿ ವುಲ್ವರೀನ್, ಸೇಬಲ್ ಅಂತ ಎರಡು ಹಡಗು ಇಟ್ಟುಕೊಂಡು ಪೈಲಟ್‌ಗಳಿಗೆ ಡೆಕ್ ಮೇಲೆ ಇಳಿಯುವುದನ್ನು ಕಲಿಸಿದರು. ಎರಡೂ ಮೊದಲು ಪ್ರವಾಸಿಗರನ್ನು ಸುತ್ತಿಸುತ್ತಿದ್ದ ಸ್ಟೀಮರ್‌ಗಳು, ಮೇಲೆ ಡೆಕ್ ಕೂರಿಸಿದ್ದು. ಕಲಿಯುವವರ ಕೈ ಅಲ್ವಾ, ನೂರಕ್ಕೂ ಹೆಚ್ಚು ವಿಮಾನ ನೀರಿಗೆ ಬಿದ್ದವು. ತಣ್ಣನೆಯ ಸಿಹಿನೀರು, ಉಪ್ಪಿಲ್ಲ. ಹಾಗಾಗಿ ಅರ್ಧ ಶತಮಾನ ಕಳೆದು ಮೇಲೆತ್ತಿದಾಗಲೂ ಎಷ್ಟೋ ವಿಮಾನಗಳ ಲೋಹ ಗಟ್ಟಿಯಾಗೇ ಇತ್ತು. ಓಹೇರ್ ಏರ್‌ಪೋರ್ಟಿನ ಎರಡನೇ ಟರ್ಮಿನಲ್‌ನಲ್ಲಿ ಒಂದು ವೈಲ್ಡ್‌ಕ್ಯಾಟ್ ಫೈಟರ್ ನಿಲ್ಲಿಸಿದ್ದಾರೆ, ಅದೂ ಈ ಸರೋವರದಿಂದಲೇ ಬಂದದ್ದು. ಊರಿಂದ ಬರುವವರನ್ನು ಕರೆತರಲು ಹೋದಾಗ ನೋಡುತ್ತಿರುತ್ತೇನೆ. ಮಿಡ್ವೇ ಕದನದಲ್ಲಿ ಹೋರಾಡಿದ್ದ ಒಂದು ಡಾಂಟ್ಲೆಸ್ ಬಾಂಬರ್ ಕೂಡ ಹೀಗೇ ಸಿಕ್ಕಿ, ಈಗ ಫ್ಲಾರಿಡಾದ ಪೆನ್ಸಕೋಲಾ ಮ್ಯೂಸಿಯಂನಲ್ಲಿದೆ.

ನಮ್ಮ ಕರಾವಳಿಯ ಗಾಳಿಯಲ್ಲಿ ಬಯಲಲ್ಲಿ ನಿಲ್ಲುವುದಕ್ಕಿಂತ ಈ ಸರೋವರದ ತಳದಲ್ಲಿ ಮಲಗಿದ್ದೇ ಅವಕ್ಕೆ ವಾಸಿ ಅನ್ನಿಸುತ್ತದೆ. ಈಗ ಆ ನೀರಿನಲ್ಲೂ ಕ್ವಾಗಾ ಅನ್ನುವ ಚಿಪ್ಪುಹುಳದ ಕಾಟ. ಮುಳುಗಿದ್ದರ ಮೇಲೆಲ್ಲ ಅಂಟಿಕೊಳ್ಳುತ್ತಿವೆ.

ಹ್ಯಾಂಗರ್‌ನಾಯ್ಕ:

ಶೆಟ್ರು ಹೇಳಿದ್ದು ಸರಿ. ನಾನು ಹೊನ್ನಾವರದವನು. ನೌಕಾಪಡೆಯಲ್ಲಿ ವಿಮಾನದ ಮೈ ರಿಪೇರಿ ಮಾಡುವ ಟ್ರೇಡ್‌ನಲ್ಲಿದ್ದೆ, ಕೊನೆಯ ವರ್ಷಗಳು ದಾಬೋಲಿಂನಲ್ಲಿ ಸೀ ಹ್ಯಾರಿಯರ್ ಜೊತೆ. ಕಾಳಿತೀರ ತಮ್ಮಾ, ಹಾರಿಸಬೇಕು ಅನ್ನುವ ನಿನ್ನ ಆಸೆ ನನಗೆ ಅರ್ಥ ಆಗುತ್ತದೆ. ಆದರೆ ನನ್ನ ಅಭಿಪ್ರಾಯ ಬೇರೆ. ಹಾರಿಸಬೇಡಿ. ಮೇಲೊಂದು ಸೂರು ಹಾಕಿ.

ಮೊದಲು ಹಾರಿಸುವ ಮಾತು. ಹಡಗಿನ ಫೈಟರ್ ಅಂದರೆ ಪ್ರತಿ ಸಲ ಬಾಲದ ಕೊಕ್ಕೆಯನ್ನು ಡೆಕ್ ಮೇಲಿನ ತಂತಿಗೆ ಸಿಕ್ಕಿಸಿ ಜಗ್ಗಿ ನಿಲ್ಲಿಸಿದ ವಿಮಾನ. ಆ ಪೆಟ್ಟು ಮೈಯಲ್ಲಿ ಉಳಿದಿರುತ್ತದೆ. ಸೀ ಹಾಕ್‌ನ ನೀನ್ ಇಂಜಿನ್ 1940ರ ದಶಕದ್ದು. ರಷ್ಯನ್ನರು ಮಿಗ್-15ಕ್ಕೆ ಹಾಕಿದ್ದೂ ಇದರದೇ ನಕಲು. ಅದಕ್ಕೆ ಬಿಡಿಭಾಗ ಎಲ್ಲಿಂದ ತರುವುದು? ರಬ್ಬರ್ ಸೀಲ್, ಹೈಡ್ರಾಲಿಕ್ ಹೋಸ್, ಸೀಟ್ ಹಾರಿಸುವ ಮದ್ದಿನ ಕಾರ್ಟ್ರಿಡ್ಜ್, ಎಲ್ಲಕ್ಕೂ ಆಯಸ್ಸು ಇರುತ್ತದೆ. ಇಂಗ್ಲೆಂಡ್‌ನವರೇ ತಾವು ಹಾರಿಸುತ್ತಿದ್ದ ಸೀ ಹಾಕ್ ಅನ್ನು ಕೆಳಗಿಳಿಸಿ ಕೂರಿಸಿದ್ದಾರೆ. ಅವರದೇ ಇನ್ನೊಂದು ಹಳೆಯ ನೌಕಾ ಜೆಟ್, ಹಾರುತ್ತಿದ್ದ ಏಕೈಕ ಸೀ ವಿಕ್ಸನ್, 2017ರಲ್ಲಿ ಹೈಡ್ರಾಲಿಕ್ ಕೈಕೊಟ್ಟು ಇಂಗ್ಲೆಂಡ್‌ನ ಯೋವಿಲ್ಟನ್ ನೌಕಾ ವಿಮಾನ ನೆಲೆಯಲ್ಲಿ ಚಕ್ರವಿಲ್ಲದೆ ಹೊಟ್ಟೆಯ ಮೇಲೆ ಇಳಿಯಿತು. ಪೈಲಟ್ ಉಳಿದರು, ವಿಮಾನ ಮತ್ತೆ ಹಾರಲಿಲ್ಲ. 2021ರಲ್ಲಿ ಅದೇ ಊರಿನ ಹತ್ತಿರ ಸೀ ಫ್ಯೂರಿಯೊಂದು ಹೊಲಕ್ಕೆ ಇಳಿಯಿತು. ಅದರಲ್ಲಿದ್ದ ಇಬ್ಬರೂ ಬದುಕಿದರು.

ಇನ್ನೊಂದು ವಿಷಯ. ಹಾರುವ ಹಳೆಯ ವಿಮಾನದಲ್ಲಿ ಹಳೆಯದು ಎಷ್ಟು ಉಳಿದಿರುತ್ತದೆ? ತುಕ್ಕು ಹಿಡಿದ ತಗಡು ಹೋಗಿ ಹೊಸ ತಗಡು, ರೆಕ್ಕೆಯ ಒಳಗಿನ ತೊಲೆ, ಅಂದರೆ ಸ್ಪಾರ್, ಹೋಗಿ ಹೊಸ ಸ್ಪಾರ್. ಝೀರೋ ವಿಮಾನಕ್ಕೆ ಜಪಾನಿನವರು ಸತು ಬೆರೆಸಿದ ತುಂಬಾ ಗಟ್ಟಿಯಾದ ಅಲ್ಯೂಮಿನಿಯಂ ಬಳಸಿದ್ದರು. ಹಗುರ, ಆದರೆ ತುಕ್ಕಿಗೆ ಬೇಗ ಬಲಿಯಾಗುವ ಲೋಹ. ಹಾಗಾಗಿ ಕಾಡಿನಲ್ಲಿ ಸಿಕ್ಕ ಝೀರೋ ಹಾರಿಸಬೇಕಾದರೆ ಮುಕ್ಕಾಲು ಪಾಲು ಹೊಸದಾಗೇ ಕಟ್ಟಬೇಕು. ತನ್ನದೇ ಮೂಲ ಸಕಾಯ್ ಇಂಜಿನ್ ಇಟ್ಟುಕೊಂಡು ಹಾರುವುದು ಕ್ಯಾಲಿಫೋರ್ನಿಯಾದ ಚೀನೋ ಮ್ಯೂಸಿಯಂನ ಒಂದೇ ಒಂದು. ಅದು ಹಾರುವುದು ಚೆಂದವೇ, ಇಲ್ಲ ಅನ್ನಲ್ಲ. ನಮ್ಮ ಹತ್ತಿರ ಇರುವುದು ಬೆರಳೆಣಿಕೆಯ ಸೀ ಹಾಕ್. ಒಂದನ್ನು ಹಾರಿಸಲು ಹೋಗಿ ಇನ್ನೆರಡರ ಹೊಟ್ಟೆ ಬಗೆಯಬೇಕಾಗುತ್ತದೆ.

ಈಗ ನಮ್ಮ ಕಡಲಿನ ಕಥೆ. ಅಲ್ಯೂಮಿನಿಯಂ ತಗಡು, ಅದಕ್ಕೆ ಉಕ್ಕಿನ ಬೋಲ್ಟ್, ಮಧ್ಯೆ ಉಪ್ಪುನೀರು. ಅಷ್ಟಾದರೆ ಬ್ಯಾಟರಿ ತಯಾರು. ಅಲ್ಯೂಮಿನಿಯಂ ಬಿಳಿ ಹಿಟ್ಟಾಗುತ್ತದೆ. ಒಳಗಿನಿಂದ ಉಬ್ಬಿ, ಮೇಲಿನ ತಗಡು ಪದರ ಪದರವಾಗಿ ಏಳುತ್ತದೆ. ಆ ಕಾಲದ ಚಕ್ರಗಳಲ್ಲಿ, ಗೇರ್‌ಬಾಕ್ಸ್‌ಗಳಲ್ಲಿ ಮೆಗ್ನೀಸಿಯಂ ಬೇರೆ ಇರುತ್ತಿತ್ತು, ಅದು ಇನ್ನೂ ಬೇಗ ಹೋಗುತ್ತದೆ. ಸರ್ವಿಸ್‌ನಲ್ಲಿದ್ದಾಗ ಸಮುದ್ರದ ಮೇಲೆ ಹಾರಿ ಬಂದ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದೆವು, ಇಂಜಿನ್ ಕಂಪ್ರೆಸರ್‌ಗೂ ನೀರು ಹೊಡೆಯುತ್ತಿದ್ದೆವು, ಕೀಲುಗಳಿಗೆ ನೀರು ಓಡಿಸುವ ಎಣ್ಣೆ ಹಾಕುತ್ತಿದ್ದೆವು. ಮ್ಯೂಸಿಯಂಗೆ ಬಂದ ಮೇಲೆ ಯಾವ ವಿಮಾನಕ್ಕೂ ಆ ಸೇವೆ ದಿನಾ ಸಿಗಲು ಸಾಧ್ಯವಿಲ್ಲ. ಮಳೆ ಮಾತ್ರ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಸುರಿಯುತ್ತದೆ.

ಜನ ಗಮನಿಸದ ಒಂದು ಸಂಗತಿ ಹೇಳುತ್ತೇನೆ. ವಿಮಾನದ ಹೊಟ್ಟೆಯ ಕೆಳಗೆ ಸಣ್ಣ ಸಣ್ಣ ತೂತುಗಳಿರುತ್ತವೆ, ಒಳಗೆ ಸೇರಿದ ನೀರು ಹೊರಗೆ ಹೋಗಲಿ ಅಂತ. ಬಯಲಲ್ಲಿ ನಿಂತ ವಿಮಾನ ಮಂಕಾಗಿ ಕಾಣುತ್ತದೆ ಅಂತ ಯಾರೋ ದಪ್ಪಗೆ ಪೇಂಟ್ ಹೊಡೆಸುತ್ತಾರೆ. ತೂತು ಮುಚ್ಚುತ್ತದೆ. ಹೊರಗೆ ಮದುಮಗನ ಹಾಗೆ ಹೊಳೆಯುತ್ತಿರುತ್ತದೆ, ಒಳಗೆ ಮಳೆಗಾಲದ ನೀರು ನಿಂತಿರುತ್ತದೆ. ಇದು ಯಾವ ಊರಿನ ವಿಮಾನಕ್ಕೂ ಆಗಬಹುದು, ಸರ್ಕಲ್‌ಗಳಲ್ಲಿ ಕಂಬದ ಮೇಲೆ ಕೂರಿಸಿದವಕ್ಕೆ ಇನ್ನೂ ಜಾಸ್ತಿ. ಸೀ ಹಾಕ್‌ಗೆ ರೆಕ್ಕೆ ಮಡಚುವ ಕೀಲಿದೆ, ರೆಕ್ಕೆಯ ಬುಡದಲ್ಲಿ ಗಾಳಿ ಎಳೆಯುವ ಬಾಯಿಗಳಿವೆ, ಹಿಂದೆ ಎರಡು ಕಡೆ ಹೊಗೆ ಬಿಡುವ ಕೊಳವೆಗಳಿವೆ. ಇಂಜಿನ್ ಒಂದೇ, ಕೊಳವೆ ಕವಲೊಡೆದಿದೆ. ಅಷ್ಟೂ ಕಡೆ ಮುಚ್ಚಳ ಹಾಕದಿದ್ದರೆ ಮೈನಾ, ಕಣಜ ಎಲ್ಲ ಸಂಸಾರ ಹೂಡುತ್ತವೆ.

ಬೋಲ್ಟುನಟ್ಟು:

ನಾಯ್ಕರೇ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನಮ್ಮ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದವರು. ಸೀ ಹ್ಯಾರಿಯರ್‌ಗಳಿಗೆ ಇಸ್ರೇಲಿ ರೇಡಾರ್ ಕೂರಿಸಿದ್ದು ಅಲ್ಲೇ ಅಲ್ವಾ? ಕೈಕಸುಬು ಬಲ್ಲವರು ನಮ್ಮಲ್ಲೂ ಇದ್ದಾರೆ. ಅಮೆರಿಕದಲ್ಲಿ ಆರ್ಟ್ ನಾಲ್ಸ್ ಅನ್ನುವ ನಿವೃತ್ತ ಮರೀನ್ ಪೈಲಟ್ ಬ್ರಿಟಿಷರ ಹಳೆಯ ಸೀ ಹ್ಯಾರಿಯರ್ ಕೊಂಡು 2007ರಲ್ಲಿ ಹಾರಿಸಿಯೇ ಬಿಟ್ಟರು. ಒಬ್ಬ ಖಾಸಗಿ ಮನುಷ್ಯನಿಗೆ ಆದದ್ದು ನಮಗೆ ಆಗಲ್ವಾ? ಹಾರಿಸುವುದು ಬೇಡ, ವರ್ಷಕ್ಕೊಮ್ಮೆ ನಿಂತಲ್ಲೇ ಇಂಜಿನ್ ಓಡಿಸಲಿ. ಸುಮ್ನೆ ನಿಂತ ತಗಡು ನೋಡಿ ಯಾವ ಹುಡುಗ ಇಂಜಿನಿಯರ್ ಆಗ್ತಾನೆ?

ಹ್ಯಾಂಗರ್‌ನಾಯ್ಕ:

ಬೋಲ್ಟುನಟ್ಟು ಅವರೇ, ನಾಲ್ಸ್ ಅವರ ಧೈರ್ಯಕ್ಕೆ ಸಲಾಂ. ಅವರು ಕೊಂಡಾಗ ಆ ವಿಮಾನ ಸರ್ವಿಸ್ ಬಿಟ್ಟು ಹೆಚ್ಚು ಕಾಲ ಆಗಿರಲಿಲ್ಲ. ನಮ್ಮ ಹ್ಯಾರಿಯರ್‌ಗಳು 1983ರಲ್ಲಿ ಬಂದು 2016ರ ಮೇ 11ರಂದು ಬೀಳ್ಕೊಂಡವು. ಅಷ್ಟು ದುಡಿದ ಮೈ. ನಿಂತಲ್ಲೇ ಇಂಜಿನ್ ಓಡಿಸುವ ಮಾತು ಒಪ್ಪುತ್ತೇನೆ, ಆದರೆ ಸೂರಿನ ಕೆಳಗಿಟ್ಟ, ಇಂಧನದ ದಾರಿ ಪೂರ್ತಿ ಬಿಚ್ಚಿ ನೋಡಿದ ವಿಮಾನಕ್ಕೆ ಮಾತ್ರ. ಬಯಲಲ್ಲಿ ನಿಂತದ್ದಕ್ಕೆ ಬೇಡವೇ ಬೇಡ.

ಸೂರು ಸಿಕ್ಕ ಮೇಲೆ ಏನು ಮಾಡಬಹುದು ಅನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮಗಳು ಬ್ರಿಸ್ಟಲ್‌ನಲ್ಲಿದ್ದಾಗ ಯೋವಿಲ್ಟನ್‌ನಲ್ಲಿರುವ ಬ್ರಿಟಿಷ್ ನೌಕಾ ವಿಮಾನದಳದ ಫ್ಲೀಟ್ ಏರ್ ಆರ್ಮ್ ಮ್ಯೂಸಿಯಂ ನೋಡಿದೆ. ಅಲ್ಲಿ ಕೆಡಿ431 ನಂಬರಿನ ಕೋರ್ಸೇರ್ ಇದೆ. 1960ರ ದಶಕದಲ್ಲಿ ಚೆಂದ ಕಾಣಲಿ ಅಂತ ಅದರ ಮೇಲೆ ಪೇಂಟ್ ಬಳಿದಿದ್ದರಂತೆ. ಆಮೇಲೆ ಆ ಪದರ ಮಾತ್ರ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದರು. ಅಡಿಯಲ್ಲಿ 1944ರ ಮೂಲ ಬಣ್ಣ, ಕಾರ್ಖಾನೆಯ ಗುರುತು, ಮೆಕ್ಯಾನಿಕ್‌ಗಳು ತೇಪೆ ಹಾಕಿದ ಕಲೆ ಎಲ್ಲ ಹಾಗೇ ಸಿಕ್ಕಿತು. ಈಗ ಅದು ಹರಕು ಮುರುಕಾಗಿ ಕಾಣುತ್ತದೆ. ಪಕ್ಕದಲ್ಲಿ ಹೊಳೆಯುವ ವಿಮಾನ ಬಿಟ್ಟು ನಾನು ನಿಂತದ್ದು ಇದರ ಮುಂದೆ. ನಮ್ಮ ಟ್ರೇಡ್‌ನವನೊಬ್ಬ ಅವಸರದಲ್ಲಿ ಬ್ರಷ್ ಆಡಿಸಿದ್ದು ಕಣ್ಣಿಗೆ ಕಾಣುತ್ತದೆ ಅಂದರೆ!

ನಮ್ಮ ಸೀ ಹಾಕ್‌ಗಳಿಗೂ ಇದು ಅನ್ವಯಿಸುತ್ತದೆ. 1960ರ ದಶಕದಲ್ಲಿ ನಾವು ಜರ್ಮನ್ ನೌಕಾಪಡೆ ಬಿಟ್ಟ ಸೀ ಹಾಕ್‌ಗಳನ್ನೂ ಕೊಂಡಿದ್ದೆವು. ಉಳಿದಿರುವವುಗಳಲ್ಲಿ ಯಾವುದರ ಪೇಂಟ್ ಅಡಿಯಲ್ಲಿ ಜರ್ಮನ್ ಅಕ್ಷರ ಇದೆಯೋ, ಯಾವುದರ ತಗಡಿನಲ್ಲಿ 1971ರ ಗುಂಡಿನ ತೇಪೆ ಇದೆಯೋ, ನೋಡಬೇಡವೇ? ಮರಳು ಹೊಡೆದು ಉಜ್ಜಿ ಹೊಸ ಬಣ್ಣ ಬಳಿದರೆ ಆ ದಾಖಲೆ ಹೋಯಿತು. ಹಾರಿಸಲು ಹೊರಟರೂ ಹೋಯಿತು. ಅದಕ್ಕೇ ಹೇಳಿದ್ದು, ಮೊದಲು ಸೂರು.

ಕಾಳಿತೀರ:

ನಾಯ್ಕ ಸರ್, ತುಂಬಾ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ, ಸ್ವಲ್ಪ ಬೇಜಾರಾದ. ಒಂದೇ ಪ್ರಶ್ನೆ. ನಮ್ಮ ಕಾರವಾರ ಬೀಚ್‌ನಲ್ಲಿ ಚಾಪಲ್ ಹಡಗಿನ ಪಕ್ಕ ಟುಪೊಲೆವ್-142 ತಂದು ಇಟ್ಟಿದ್ದಾರಲ್ಲ, ಅದಕ್ಕೂ ಇದೇ ಗತಿಯಾ? ನಮ್ಮಂಥವರು ಏನಾದರೂ ಮಾಡಬಹುದಾ?

ಹ್ಯಾಂಗರ್‌ನಾಯ್ಕ:

ಅದು ಫೈಟರ್ ಅಲ್ಲ, ಜಲಾಂತರ್ಗಾಮಿ ಹುಡುಕುವ ದೈತ್ಯ. ತಮಿಳುನಾಡಿನ ಅರಕ್ಕೋಣಂ ನೌಕಾ ನೆಲೆಯಿಂದ ಬಿಡಿಬಿಡಿಯಾಗಿ ತಂದು ಜೋಡಿಸಿದ್ದು. ಅಷ್ಟು ದೊಡ್ಡದಕ್ಕೆ ಸೂರು ಹಾಕುವುದು ಕಷ್ಟ. ತೊಳೆಯುವುದು, ನೀರಿನ ತೂತು ತೆರೆದಿಡುವುದು, ಟೈರ್ ಮೇಲೆ ಭಾರ ಬೀಳದಂತೆ ಸ್ಟ್ಯಾಂಡ್ ಕೊಡುವುದು, ಇಷ್ಟು ತಪ್ಪದೆ ಆದರೆ ಬಹಳ ವರ್ಷ ಬರುತ್ತದೆ.

ನೀವು ಮಾಡಬಹುದಾದದ್ದು ಇದೆ. ಹತ್ತಬೇಡಿ, ರೆಕ್ಕೆ ಹಿಡಿದು ಜೋತಾಡಬೇಡಿ. ಬೆವರಿನ ಕೈಯಲ್ಲೂ ಉಪ್ಪಿರುತ್ತದೆ. ಸೆಲ್ಫಿ ಸಾಕು. ಬದಲಿಗೆ ಪ್ರತಿ ಮಳೆಗಾಲದ ಮುಂಚೆ ಮತ್ತು ಆಮೇಲೆ ಒಂದೇ ಜಾಗದಿಂದ ಫೋಟೋ ತೆಗೆದಿಡಿ. ರಿವೆಟ್ ಸಾಲು, ಹೊಟ್ಟೆಯ ಕೆಳಭಾಗ, ಚಕ್ರದ ಗೂಡು, ತಗಡಿನ ಮೇಲಿನ ಸಣ್ಣ ಅಕ್ಷರಗಳು. ರಿವೆಟ್ ಸುತ್ತ ಪೇಂಟ್ ಗುಳ್ಳೆ ಎದ್ದಿದ್ದರೆ ಅಲ್ಲಿ ತುಕ್ಕು ಶುರುವಾಗಿದೆ ಅಂತ ಲೆಕ್ಕ. ಆ ಫೋಟೋ ತೋರಿಸಿ, ನೋಡಿಕೊಳ್ಳುವವರಿಗೆ ಒಂದು ಅರ್ಜಿ ಬರೆಯಿರಿ. ಮಗನ ಕೈಯಲ್ಲೇ ಬರೆಸಿ.

ಬೋಲ್ಟುನಟ್ಟು:

ಅರ್ಜಿಯಲ್ಲಿ ಇಂಜಿನ್ ಓಡಿಸುವ ವಿಷಯವೂ ಒಂದು ಸಾಲು ಸೇರಿಸಿ ಪ್ಲೀಸ್. ನಾಯ್ಕರು ಬೈದರೂ ಪರವಾಗಿಲ್ಲ.