ಪದಚರ್ಚೆ: ಅಂಬೊನ್ ಕಡೆಯ ‘ದುಸುನ್’ ಮತ್ತು ‘ಸಾಸಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಇಂಡೋನೇಷ್ಯಾದ ಮಲುಕು ದ್ವೀಪಗಳ ಹಳ್ಳಿಬದುಕಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಬ್ಬ ಮುದುಕನಿಗೆ ಮೂರು ‘ದುಸುನ್’ ಇವೆ ಅಂತ ಬಂತು. ನಿಘಂಟು ತೆಗೆದೆ. ದುಸುನ್ ಅಂದರೆ ಊರಿಗೆ ಸೇರಿದ ಪುಟ್ಟ ಹಳ್ಳಿ ಅಂತ ಇತ್ತು. ಸರಿ, ‘ಮಜರೆ’ ಅಂತ ಹಾಕಿ ಮುಂದೆ ಹೋದೆ. ಎರಡು ಪುಟ ಆದಮೇಲೆ ನೋಡಿದರೆ ಮುದುಕ ಒಂದು ಮಜರೆಯನ್ನು ಮಗಳಿಗೆ ಕೊಟ್ಟಿದ್ದಾನೆ, ಇನ್ನೊಂದು ಮಜರೆಗೆ ಏಣಿ ಹಾಕಿ ಲವಂಗ ಕೊಯ್ಯುತ್ತಿದ್ದಾನೆ!

ನಿಘಂಟಿನ ತಪ್ಪಲ್ಲ. ಇಂಡೋನೇಷ್ಯಾದ ಬೇರೆ ಕಡೆ ದುಸುನ್ ಅಂದರೆ ಮಜರೆಯೇ. ಅಂಬೊನ್, ಹಾರುಕು, ಸಪರುವಾ ದ್ವೀಪಗಳ ಮಾತಿನಲ್ಲಿ ಮಾತ್ರ ಅದು ಮರಗಳ ಆಸ್ತಿ. ಲವಂಗ, ಜಾಯಿಕಾಯಿ, ತೆಂಗು, ದುರಿಯನ್, ತಗ್ಗಿನಲ್ಲಿ ನೀರು ನಿಲ್ಲುವ ಕಡೆ ಸಾಗು ಮರ. ಎಲ್ಲ ಬೆರಕೆಯಾಗಿ ಬೆಳೆದಿರುತ್ತವೆ. ಹೊರಗಿನವರ ಕಣ್ಣಿಗೆ ಕಾಡು ಅಂತಲೇ ಕಾಣುತ್ತದೆ.

ಹಾಗಾದರೆ ‘ತೋಟ’ ಅನ್ನಬಹುದಲ್ವಾ? ನಾನೂ ಹಾಗೇ ಅಂದುಕೊಂಡೆ. ತೊಡಕು ಇರುವುದು ಅಲ್ಲೇ. ನಾವು ‘ಎರಡೆಕರೆ ತೋಟ ತಗೊಂಡೆ’ ಅಂದರೆ ನೆಲವೂ ನಮ್ಮದು, ಮರವೂ ನಮ್ಮದು. ಅಲ್ಲಿ ಹಾಗಲ್ಲ. ನೆಲ ಒಬ್ಬರದು, ಅದರ ಮೇಲಿನ ಮರ ಇನ್ನೊಬ್ಬರದು ಆಗಿರಬಹುದು. ಮರ ನೆಟ್ಟವನಿಗೆ ಸೇರುತ್ತದೆ, ಆಮೇಲೆ ಅವನ ಮಕ್ಕಳಿಗೆ. ಅದಕ್ಕೇ ಬೇರೆಯವರ ನೆಲದಲ್ಲಿ ಮರಗೆಣಸು ಬೆಳೆದುಕೊಳ್ಳಲು ಸುಲಭವಾಗಿ ಒಪ್ಪಿಗೆ ಸಿಗುತ್ತದೆ. ಲವಂಗದ ಸಸಿ ನೆಡುತ್ತೇನೆ ಅಂದರೆ ಮುಖ ಬಿಗಿಯಾಗುತ್ತದೆ. ಗೆಣಸು ಒಂದು ವರ್ಷದ ಮಾತು, ಲವಂಗದ ಮರ ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತದೆ.

ನಮ್ಮಲ್ಲೂ ಇದರ ಎಳೆಗಳಿವೆ. ನಮ್ಮಜ್ಜಿಯ ಮನೆಯ ಬೇಲಿಯಾಚೆ, ಪಕ್ಕದವರ ಜಾಗದಲ್ಲಿ ಒಂದು ಬಕ್ಕೆ ಹಲಸಿನ ಮರವಿತ್ತು. ಅದರ ಹಣ್ಣು ನಮ್ಮ ಮನೆಗೇ ಬರುತ್ತಿತ್ತು, ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಮಲೆನಾಡಿನ ‘ಚೇಣಿ’, ಅಂದರೆ ತೋಟದ ಗುತ್ತಿಗೆ ಇದೆ, ಆದರೆ ಅದು ಫಸಲಿಗೆ ಮಾತ್ರ, ಮರಕ್ಕಲ್ಲ. ಎಲ್ಲಕ್ಕಿಂತ ಹತ್ತಿರ ಅನ್ನಿಸುವುದು ಕೊಡಗಿನ ಜಮ್ಮಾ ಬಾಣೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಮರಗಳಿರುವ ಜಾಗ. ಅಲ್ಲಿ ಜಾಗ ‘ಒಕ್ಕ’ದ್ದು, ಅಂದರೆ ಮನೆತನದ್ದು, ಬೆಲೆಬಾಳುವ ಮರದ ಮೇಲಿನ ಹಕ್ಕು ಸರ್ಕಾರದ್ದು ಅಂತ ಎಷ್ಟು ವರ್ಷ ತಕರಾರು ನಡೆದಿಲ್ಲ!

ಅಂಬೊನ್ ಕಡೆ ‘ದುಸುನ್ ದಾತಿ’ ಅಂತ ಒಂದು ಬಗೆ ಇದೆ. ಅದು ಮನೆತನದ ಗಂಡು ಸಾಲಿನಲ್ಲಿ ಒಟ್ಟಾಗಿ ಉಳಿಯುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಪಾಲಿಲ್ಲ. ಡಚ್ ಕಂಪನಿಯ ಕಾಲದಲ್ಲಿ ಯುದ್ಧದ ದೋಣಿಗೆ ಹುಟ್ಟು ಹಾಕಲು ಆಳು ಕೊಡುವ ಮನೆಗಳಿಗೆ ಈ ಹಕ್ಕು ಗಟ್ಟಿಯಾಯಿತು. ರಾಜನ ಸೇವೆಗೆ ಜಮ್ಮಾ ಭೂಮಿ ಅನ್ನುವಂತೆಯೇ. 1814ರಲ್ಲಿ, ಇಂಗ್ಲಿಷರು ಸ್ವಲ್ಪ ಕಾಲ ಅಂಬೊನ್ ಹಿಡಿದುಕೊಂಡಿದ್ದಾಗ, ದಾತಿಗಳ ಪಟ್ಟಿ ಬರೆಸಿದರು. ಗಡಿ ಜಗಳ ಬಂದರೆ ಆ ಹಳೇ ಪಟ್ಟಿ ಈಗಲೂ ಹೊರಗೆ ಬರುತ್ತದೆ. ಇನ್ನೊಂದು ಬಗೆ ‘ದುಸುನ್ ಪುಸಾಕಾ’. ಇದರಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು. ನನ್ನ ಮುದುಕ ಮಗಳಿಗೆ ಕೊಟ್ಟದ್ದು ದಾತಿ ಅಲ್ಲ ಅಂತ ಇದರಿಂದಲೇ ಗೊತ್ತಾಯಿತು. ಮೂರಕ್ಕೂ ‘ತೋಟ’ ಅಂತ ಹಾಕಿದ್ದರೆ ಈ ಎಳೆಯೇ ತಪ್ಪಿಹೋಗುತ್ತಿತ್ತು.

‘ಜಮ್ಮಾ’ ಅಂತ ಬರೆಯಲು ಮನಸ್ಸಿಲ್ಲ. ಓದುವವರು ಸೀದಾ ಮಡಿಕೇರಿಗೆ ಹೋಗಿಬಿಡುತ್ತಾರೆ. ಸದ್ಯಕ್ಕೆ ‘ತೋಪು’ ಅಂತ ಇಟ್ಟುಕೊಂಡಿದ್ದೇನೆ. ತೋಪು ಅಂದಾಗ ಮೊದಲು ಮರ ಕಾಣುತ್ತದೆ, ಆಮೇಲೆ ನೆಲ. ಗುಂಡುತೋಪು ಯಾರೊಬ್ಬರ ಜಮೀನೂ ಅಲ್ಲ, ಆದರೂ ತೋಪೇ. ಆದರೆ ತೋಪು ಅಂದರೆ ಮಾವಿನ ತೋಪಿನ ಹಾಗೆ ಒಂದೇ ಜಾತಿಯ ಮರ, ಸಾಲಾಗಿ ನೆಟ್ಟದ್ದು ಅಂತ ಅನ್ನಿಸುತ್ತದೆಯೇ? ಬಯಲುಸೀಮೆಯವರು ಹೇಳಬೇಕು.

ಎರಡನೆಯದು ‘ಸಾಸಿ’, ಅಂದರೆ ಇಷ್ಟು ಕಾಲ ಹಿಡಿಯಬಾರದು ಅಂತ ಊರೇ ಹಾಕಿಕೊಳ್ಳುವ ಕಟ್ಟು. ಇದು ಇನ್ನೂ ಕಷ್ಟ. ಹಾರುಕು ಊರಿನಲ್ಲಿ ಲೋಂಪಾ ಅಂತ ಒಂದು ಸಣ್ಣ ಮೀನು. ನಮ್ಮ ಕೊಲ್ಲತರುವಿನ ಜಾತಿಯದ್ದು. ಮರಿಗಳು ಹಿಂಡಾಗಿ ತೀರಕ್ಕೆ ಬಂದದ್ದು ಕಂಡ ಕೂಡಲೇ ಸಾಸಿ ‘ಮುಚ್ಚುತ್ತಾರೆ’. ಆಮೇಲೆ ಹೊಳೆಬಾಯಿಯಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ, ದೋಣಿಯ ಮೋಟಾರು ಹಚ್ಚುವಂತಿಲ್ಲ. ಎಳೆ ತೆಂಗಿನಗರಿ ಕಟ್ಟಿದ ಗೂಟವೇ ಬೋರ್ಡು. ತಿಂಗಳುಗಟ್ಟಲೆ ಕಾದು, ಮೀನು ಬಲಿತ ಮೇಲೆ ಒಂದು ದಿನ ಸಾಸಿ ‘ತೆರೆಯುತ್ತಾರೆ’. ಅವತ್ತು ಮಕ್ಕಳು ಮುದುಕರಾದಿಯಾಗಿ ಊರಿಗೆ ಊರೇ ಬಲೆ ಹಿಡಿದು ನೀರಿಗಿಳಿಯುತ್ತದೆ. ವಿಧವೆಯರಿಗೆ, ಅನಾಥರಿಗೆ ಪಾಲು ತೆಗೆದಿಡುತ್ತಾರೆ. ಕಟ್ಟು ಮುರಿದವರಿಗೆ ‘ದೆಂಡಾ’. ಹೌದು, ನಮ್ಮ ದಂಡವೇ. ಮಕ್ಕಳು ಕದ್ದು ಹಿಡಿದರೆ ಬೆತ್ತದಿಂದ ಐದು ಏಟು, ಊರಿನ ಐದು ‘ಸೋವಾ’ಗಳಿಗೆ, ಅಂದರೆ ಐದು ಪಂಗಡಗಳಿಗೆ ಒಂದೊಂದು. ಈ ಕಾವಲು ಕೆಲಸಕ್ಕೆ ‘ಕೆವಾಂಗ್’ ಅನ್ನುವ ಪಡೆ ಇದೆ. ಹಾರುಕುವಿನ ಕೆವಾಂಗ್‌ಗೆ 1985ರಲ್ಲಿ ದೇಶದ ಪರಿಸರ ಪ್ರಶಸ್ತಿ ಬಂತು. ಪ್ರಶಸ್ತಿಯ ಹೆಸರು ಕಲ್ಪತರು!

‘ನಿಷೇಧ’ ಅಂತ ಬರೆದೆ, ಹೊಡೆದುಹಾಕಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಅದು ಸರ್ಕಾರಿ ಆದೇಶದ ಮಾತು. ಶೃಂಗೇರಿಯ ದೇವರ ಮೀನಿನ ಹೋಲಿಕೆಯೂ ಸಲ್ಲದು. ಅವನ್ನು ಯಾವತ್ತೂ ಹಿಡಿಯುವುದಿಲ್ಲ, ಸಾಸಿಯ ಮೀನನ್ನು ಕಾಯುವುದೇ ಒಂದು ದಿನ ಹಿಡಿಯಲಿಕ್ಕೆ. ಅಂದಹಾಗೆ, ಸಾಸಿ ಪದ ‘ಸಾಕ್ಸಿ’ಯಿಂದ ಬಂತು ಅಂತ ಕೆಲವರು ಹೇಳುತ್ತಾರೆ. ಅದು ನಮ್ಮ ಸಾಕ್ಷಿ. ಕೇಳಲು ಚೆಂದ, ಅನುವಾದಕ್ಕೆ ಉಪಯೋಗವಿಲ್ಲ.

ನನಗೆ ಹೊಳೆದದ್ದು ‘ಕಾವಲು’. ಹಳೇ ಮೈಸೂರಿನ ಅಮೃತಮಹಲ್ ಕಾವಲು ನೆನಪಿಸಿಕೊಳ್ಳಿ. ದನಗಳಿಗೆಂದು ಹುಲ್ಲು ಕಾದಿಟ್ಟ ಜಾಗವೂ ಕಾವಲೇ, ಕಾಯುವ ಕೆಲಸವೂ ಕಾವಲೇ. ‘ಹೊಳೆಗೆ ಕಾವಲು ಹಾಕಿದರು’, ‘ಕಾವಲು ಬಿಟ್ಟರು’ ಅಂದರೆ ಮುಚ್ಚುವುದು, ತೆರೆಯುವುದು ಎರಡೂ ಬಂದಂತಾಯಿತು. ಕೆವಾಂಗ್‌ಗೆ ‘ಕಾವಲಿನವರು’. ಆದರೆ ಬೆಂಗಳೂರಿನ ಓದುಗರಿಗೆ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ನೆನಪಾದರೆ? ನನ್ನ ಅಳುಕು ಅದೊಂದೇ.

ಕೊನೆಗೆ ಒಂದು ಚಿಕ್ಕ ಪ್ರಶ್ನೆ. ಅಲ್ಲಿ ಊರಿಗೆ ‘ನೆಗೆರಿ’ ಅನ್ನುತ್ತಾರೆ, ನಮ್ಮ ನಗರಿ. ಊರಿನ ಮುಖ್ಯಸ್ಥ ‘ರಾಜಾ’. ಇದ್ದಂತೆಯೇ ಬಿಟ್ಟರೆ ಸಣ್ಣ ಮೀನು ಹಂಚುವ ಜಾಗದಲ್ಲಿ ಕಿರೀಟ ಇಟ್ಟವನು ನಿಂತ ಹಾಗೆ ಕಾಣುತ್ತದೆ. ಕೆಲವು ಮನೆತನಗಳಿಂದಲೇ ಆರಿಸಿ ಬರುವುದರಿಂದ ನಾನು ‘ಪಟೇಲ’ ಅಂತ ಹಾಕಿದ್ದೇನೆ. ನಡೆಯುತ್ತದೆಯೇ?

ಮುಂದಿನ ವಾರ ಹಸ್ತಪ್ರತಿ ಕೊಡಬೇಕು. ಉಳಿದದ್ದು ಆಮೇಲೆ ಬೇಕಾದರೂ ಹೇಳಿ, ಆ ಮುದುಕನಿಗೆ ಮೂರು ಏನಿವೆ ಅಂತ ಮಾತ್ರ ಬೇಗ ತಿಳಿಸಿ.